ಹೆಸರು ಹಿಡಿಯದ ಚಿಗವ್ವ

ಚಿಗವ್ವ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಉಣ್ಣೆಯ ಮುಂಬಟ್ಟೆ ಮೂರು ಉದ್ದ ಪಟ್ಟಿಗಳನ್ನು ಜೋಡಿಸಿ ಹೊಲಿದದ್ದು. ಪಟ್ಟಿಗಳ ಮೇಲೆ ಕೆಂಪು, ಹಸಿರು, ನೀಲಿ, ಅರಿಶಿನದ ಅಡ್ಡಗೆರೆಗಳು. ಆದರೆ ಒಂದು ಪಟ್ಟಿಯ ಗೆರೆ ಪಕ್ಕದ ಪಟ್ಟಿಯ ಗೆರೆಗೆ ಕೂಡುತ್ತಲೇ ಇರಲಿಲ್ಲ. ಕೆಂಪು ಹೋಗಿ ಹಸಿರಿಗೆ ಮುಟ್ಟುತ್ತಿತ್ತು, ನೀಲಿ ಹೋಗಿ ಅರಿಶಿನಕ್ಕೆ. ಅದನ್ನು ಕಂಡರೆ ನನ್ನ ಅವ್ವನಿಗೆ ಮೈ ಉರಿಯುತ್ತಿತ್ತು. ಕೌದಿ ಹೊಲಿಯುವುದರಲ್ಲಿ ಅವ್ವನದು ಊರೆಲ್ಲ ಒಪ್ಪಿದ ಕೈ. ಅಂಚಿಗೆ ಅಂಚು ಕೂಡದ ಹೊಲಿಗೆ ಆಕೆಯ ಕಣ್ಣಲ್ಲಿ ಕಸ. ಮೊದಲ ಸಲ ನೋಡಿದಾಗಲೇ ಬಿಚ್ಚಿ ಕೊಡಿ, ಸರಿಮಾಡಿ ಹೊಲಿದು ಕೊಡುತ್ತೇನೆ ಎಂದಿದ್ದಳಂತೆ.

"ಗೆರಿ ಕೂಡಿಸಬಾರದವ್ವಾ," ಎಂದಳಂತೆ ಚಿಗವ್ವ. "ಕೂಡಿಸಿದ್ರ ಬಟ್ಟಿ ನಿಂತಂಗ ಕಾಣತೈತಿ. ಹಿಂಗಿದ್ರ ನಡದಂಗ ಕಾಣತೈತಿ."

ಅವ್ವ ಒಪ್ಪಲಿಲ್ಲ. ಕೊನೆಯವರೆಗೂ ಒಪ್ಪಲಿಲ್ಲ. ಆದರೆ ಆ ಜಗಳದಲ್ಲೇ ಇಬ್ಬರಿಗೂ ಗೆಳೆತನವಾಯಿತು, ನನಗೆ ಆಕೆಯನ್ನು ಚಿಗವ್ವ, ಅಂದರೆ ಅವ್ವನ ತಂಗಿ, ಎಂದು ಕರೆಯಲು ಹೇಳಿದವಳೂ ಅವ್ವನೇ.

ಊರ ಬಾಯಲ್ಲಿ ಆಕೆ ಸ್ವೆಟರ್‌ನಾಕಿ. ನಮ್ಮ ತವರೂರು ಕಲಘಟಗಿಯಿಂದ ಮುಂಡಗೋಡಕ್ಕೆ ಹೋಗುವ ರಸ್ತೆಯ ಮೇಲಿದೆ, ಮುಂಡಗೋಡದಲ್ಲಿ ಟಿಬೆಟಿಯನ್ನರ ಕ್ಯಾಂಪು. ಮಳೆಗಾಲದಲ್ಲಿ ಚಿಗವ್ವ ಅಲ್ಲಿ ಗೋವಿನಜೋಳ ಬೆಳೆಯುತ್ತಿದ್ದಳು. ದಸರೆ ಮುಗಿದು ಚಳಿ ಬಿತ್ತೆಂದರೆ ಸ್ವೆಟರಿನ ಗಂಟು ತಂದು ಸುತ್ತಲಿನ ಸಂತೆಗಳಲ್ಲಿ ಮಾರುತ್ತಿದ್ದಳು. ಗಂಟುಗಳು ಇರುತ್ತಿದ್ದದ್ದು ನಮ್ಮ ಪಡಸಾಲೆಯಲ್ಲಿ. ಆಕೆಯ ತಾಯಿತಂದೆ ಟಿಬೆಟ್ಟಿನ ಪೂರ್ವಕ್ಕಿರುವ ಖಾಮ್ ಎಂಬ ಸೀಮೆಯವರು. ಈಗ ಚೀನಾದ ನಕಾಶೆಯಲ್ಲಿರುವ ಆ ಗುಡ್ಡಗಳನ್ನು ದಾಟಿ ಬರುವಾಗ ಚಿಗವ್ವ ತಾಯಿಯ ನಿಲುವಂಗಿಯ ಮಡಿಲಲ್ಲಿದ್ದ ಕೂಸು. ತನ್ನ ನಾಡನ್ನು ಆಕೆ ಕಣ್ಣಾರೆ ಕಂಡ ನೆನಪಿರಲಿಲ್ಲ. ಆದರೂ ನಿನ್ನೆ ತಾನೇ ಹೋಗಿಬಂದವಳ ಹಾಗೆ ಹೇಳುತ್ತಿದ್ದಳು, ಅದೂ ಅಪ್ಪಟ ಕಲಘಟಗಿ ಕನ್ನಡದಲ್ಲಿ.

ಆ ಗುಡ್ಡಗಳಲ್ಲಿ ತಮ್ಮವರಷ್ಟೇ ಅಲ್ಲ, ಕಣಿವೆಗೊಂದು ಜನ, ಜನಕ್ಕೊಂದು ಮಾತು, ಒಬ್ಬರ ಉಡುಗೆ ಒಬ್ಬರಿಗಿಲ್ಲ ಎನ್ನುತ್ತಿದ್ದಳು. ಒಂದು ದೊಡ್ಡ ಕೆರೆಯ ದಂಡೆಯ ಜನರಲ್ಲಿ ಮನೆ ಹೆಂಗಸರದ್ದಂತೆ; ಹೆಣ್ಣು ಮದುವೆಯಾಗಿ ಎಲ್ಲಿಗೂ ಹೋಗುವುದಿಲ್ಲ, ಗಂಡಸರು ಹಗಲೆಲ್ಲ ತಮ್ಮ ತಮ್ಮ ತಾಯಂದಿರ ಮನೆಯಲ್ಲೇ ದುಡಿದುಕೊಂಡು ಇರುತ್ತಾರಂತೆ. ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಅತ್ತೆಮನೆಯಲ್ಲಿ ಬೇಕಾದಷ್ಟು ಅನುಭವಿಸಿದಾಕೆ. ಇದನ್ನು ಕೇಳಿ ಬೀಸುವ ಕಲ್ಲನ್ನು ನಿಲ್ಲಿಸಿ ಒಂದೇ ಮಾತು ಕೇಳಿದಳು: "ಆ ಊರಿಗೆ ಹುಬ್ಬಳ್ಳಿಂದ ಬಸ್ ಐತೇನು?"

ಇದೇ ಅಜ್ಜಿ ಮೊದಮೊದಲು ಚಿಗವ್ವನ ಮೇಲೆ ಸಿಟ್ಟಾಗಿದ್ದಳು. ಅದಕ್ಕೆ ಕಾರಣ ಒಂದು ಕಟ್ಟಿಗೆಯ ಬಟ್ಟಲು. ಚಹಾ ಕೊಟ್ಟರೆ ಚಿಗವ್ವ ನಮ್ಮ ಕಪ್-ಬಸಿ ಮುಟ್ಟುತ್ತಿರಲಿಲ್ಲ. ನಿಲುವಂಗಿಯ ಎದೆಮಡಿಕೆಯಿಂದ ತನ್ನ ಬಟ್ಟಲು ತೆಗೆದು ಅದರಲ್ಲಿ ಹಾಕಿಸಿಕೊಂಡು ಕುಡಿದು, ಒರೆಸಿ, ಮತ್ತೆ ಎದೆಗೇ ಇಟ್ಟುಕೊಳ್ಳುತ್ತಿದ್ದಳು. ಬೇರೆ ಬಟ್ಟಲು ಎಂದರೆ ನಮ್ಮ ಕಡೆ ಏನರ್ಥ ಎಂಬುದು ಎಲ್ಲರಿಗೂ ಗೊತ್ತು. ಇಷ್ಟು ವರ್ಷ ಬೇರೆಯವರಿಗೆ ಬೇರೆ ಬಟ್ಟಲಿಟ್ಟ ಮನೆಯ ಮುದುಕಿಗೆ, ಯಾರೋ ತನ್ನ ಮನೆಯ ಬಟ್ಟಲನ್ನೇ ಒಲ್ಲೆ ಎಂದದ್ದನ್ನು ತಡೆಯಲಾಗಲಿಲ್ಲ. ನಾವೇನು ಹೊಲಸೇನು ಎಂದು ಕೇಳಿಯೇ ಬಿಟ್ಟಳು. ಖಾಮ್ ಕಡೆಯಲ್ಲಿ ಹುಟ್ಟಿದವರಿಗೆಲ್ಲ ಅವರವರ ಬಟ್ಟಲು ಇರುತ್ತದೆ, ರಾಜನಾದರೂ ತನ್ನದನ್ನು ತಾನೇ ಹೊರುತ್ತಾನೆ ಎಂದು ಚಿಗವ್ವ ವಿವರಿಸಿದ ಮೇಲೆ ಅಜ್ಜಿ ತಾನೇ ಆ ಬಟ್ಟಲಿಗೆ ಇನ್ನಷ್ಟು ಚಹಾ ಸುರಿದಳು. ಮರುವರ್ಷದಿಂದ ನಮ್ಮ ಹಿತ್ತಲಿನ ಗೂಡಿನಲ್ಲಿ ಬೇರೆಯಾಗಿ ಇಡುತ್ತಿದ್ದ ಬಟ್ಟಲು ಕಾಣಲಿಲ್ಲ. ಯಾರು ತೆಗೆದರೋ, ಯಾರೂ ಕೇಳಲಿಲ್ಲ.

ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಅವ್ವ ಕಾಮಾಲೆಯಿಂದ ತೀರಿಕೊಂಡಳು. ನಮ್ಮಲ್ಲಿ ಹೆಂಗಸರು ಹಾಡಿ ಅಳುತ್ತಾರೆ. ಹೊಸ್ತಿಲಿಗೆ ಬರುವ ಮೊದಲೇ ಸತ್ತವರ ಹೆಸರು ಹಿಡಿದು ಕೂಗಿಕೊಂಡು ಬರುತ್ತಾರೆ. ಅವತ್ತು ನನ್ನ ಅವ್ವನ ಹೆಸರು ಓಣಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಕೇಳುತ್ತಿತ್ತು. ಚಿಗವ್ವ ಮಾತ್ರ ಬಾಯಿ ಬಿಡದೆ ಬಂದಳು. ನನ್ನನ್ನು ಮಡಿಲಿಗೆ ಎಳೆದುಕೊಂಡು ಕುಳಿತಳು. ಆಕೆಯ ಕಣ್ಣೀರು ನನ್ನ ಬೈತಲೆಯ ಮೇಲೆ ಬೀಳುತ್ತಿತ್ತು, ಆದರೆ ಆ ಹೆಸರು ಬಾಯಿಂದ ಬರಲಿಲ್ಲ. ಆಮೇಲೂ ಬರಲಿಲ್ಲ. 'ನಿಮ್ಮವ್ವ' ಎನ್ನುವಳು, 'ನಮ್ಮ ಕೌದಿಯಾಕಿ' ಎನ್ನುವಳು, ಹೆಸರು ಹಿಡಿಯಳು. ಹಿಂದೆ ದಿನಕ್ಕೆ ಹತ್ತಾರು ಸಲ ಆ ಹೆಸರು ಕೂಗಿ ಜಗಳಕ್ಕೆ ನಿಲ್ಲುತ್ತಿದ್ದ ಬಾಯಿ ಅದು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಒಂದು ಸಂಜೆ ಎದುರಿಗೇ ನಿಂತು, ನಮ್ಮವ್ವನ ಹೆಸರು ಮರೆತುಬಿಟ್ಟೆಯೇನು ಎಂದು ಚೀರಿದೆ.

"ಮರತಿದ್ರ ಬಾಯಿ ತಪ್ಪಿ ಅಂದಬಿಡ್ತಿದ್ದೆ," ಎಂದಳು. "ನೆನಪೈತಿ, ಅದಕ್ಕ ಅನ್ನೂದಿಲ್ಲ. ಹೊಂಟಾಕಿನ್ನ ಹೆಸರ ಹಿಡದ ಕರದ್ರ ಹೊಳ್ಳಿ ನೋಡತಾಳ. ಹೊಳ್ಳಿ ಹೊಳ್ಳಿ ನೋಡಕೋಂತ ಆಕಿ ದಾರಿ ಹೆಂಗ ನಡೀಬೇಕು?"

ಸತ್ತವರು ಏಳು ವಾರ ದಾರಿಯಲ್ಲಿರುತ್ತಾರೆ, ಆಮೇಲೆ ಎಲ್ಲೋ ಒಂದು ಕಡೆ ಮತ್ತೆ ಹುಟ್ಟುತ್ತಾರೆ ಎಂಬುದು ಅವರ ನಂಬಿಕೆ. ಅಲ್ಲಿ ಹುಟ್ಟಿದ ಮೇಲೂ ಹಳೆಯ ಹೆಸರು ಕಿವಿಗೆ ಬಿದ್ದರೆ ಹೊಸ ಮನೆಯಲ್ಲಿ ಕೂಸಿನ ಜೀವ ನಿಲ್ಲುವುದಿಲ್ಲವಂತೆ, ಹಾಗಾಗಿ ಮುಂದೆಯೂ ಹೆಸರು ಹಿಡಿಯುವುದಿಲ್ಲ. ಚಿಗವ್ವ ವಾರಕ್ಕೊಮ್ಮೆ ಬಸ್ಸು ಹಿಡಿದು ಬಂದು ನಮ್ಮ ಅಂಗಳದಲ್ಲಿ ತುಪ್ಪದ ದೀಪ ಹಚ್ಚಿದಳು. ನಮ್ಮದು ಶಿವಭಕ್ತರ ಮನೆ. ಸತ್ತವರು ಶಿವನಲ್ಲಿ ಐಕ್ಯವಾದರು ಎಂದ ಮೇಲೆ ಮುಗಿಯಿತು, ದಾರಿ ಗೀರಿ ಇಲ್ಲ. ಹಾಗೆ ಹೇಳಿದವರೇ ಮೊಮ್ಮಗಳು ಹುಟ್ಟಿದರೆ ಅಜ್ಜಿಯ ಹೆಸರಿಟ್ಟು, ಅಜ್ಜಿ ಹೊಳ್ಳಿ ಬಂದಳು ಎಂದು ಪೇಡೆ ಹಂಚುತ್ತಾರೆ. ಅದು ಬೇರೆ ಮಾತು. ಅಪ್ಪ ದೀಪಕ್ಕೆ ಅಡ್ಡ ಬರಲಿಲ್ಲ. ನಾನಂತೂ ಏಳು ವಾರ ಕಳೆದ ಮೇಲೆ ಊರಲ್ಲಿ ಕಟ್ಟಿದ ತೊಟ್ಟಿಲುಗಳಲ್ಲೆಲ್ಲ ಇಣುಕಿ ನೋಡಿ ಬಂದೆ. ಹಾಗೆ ಇಣುಕುತ್ತಾ ಇಣುಕುತ್ತಾ ಅಳುವುದು ಯಾವಾಗ ಕಡಿಮೆಯಾಯಿತೋ ತಿಳಿಯಲಿಲ್ಲ.

ಶಲವಡಿಗೆ ಸೊಸೆಯಾಗಿ ಹೋದೆ. ಅಲ್ಲೇ ಹೊಲಿಗೆಯ ಮಶಿನ್ ಹಾಕಿಕೊಂಡು ಕುಪ್ಪಸ ಹೊಲಿಯತೊಡಗಿದೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಾಗ ಹೆಣ್ಣು ಹುಟ್ಟಿತು. ಹೆಸರು ಯಾವುದು ಎಂಬುದರಲ್ಲಿ ಎರಡು ಮಾತಿರಲಿಲ್ಲ: ಅವ್ವನ ಹೆಸರು. ತೊಟ್ಟಿಲ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಊದಿ ಹೆಸರು ಹೇಳಬೇಕು, ಹೇಳುವಾಗ ಸುತ್ತ ನಿಂತ ಹೆಂಗಸರು ಆಕೆಯ ಬೆನ್ನಿಗೆ ಗುದ್ದಬೇಕು. ನಾನು ಹಟ ಹಿಡಿದೆ, ಹೆಸರನ್ನು ಚಿಗವ್ವನೇ ಹೇಳಬೇಕೆಂದು. ಶಲವಡಿಯಿಂದ ಗಾಡಿ ತುಂಬ ಬಂದಿದ್ದ ಬೀಗರ ನಡುವೆ ಅತ್ತೆಯ ಮುಖ ಕಪ್ಪಿಟ್ಟಿತು. ತಮ್ಮ ಮಗಳಿರುವಾಗ ಸ್ವೆಟರ್‌ನಾಕಿ ಯಾಕೆ ಎಂದರು. ನಾದಿನಿ ಒಳ್ಳೆಯವಳು, ನನ್ನ ಬೆನ್ನಾದರೂ ಉಳಿಯಿತು ಎಂದು ನಕ್ಕು ಬದಿಗೆ ಸರಿದಳು.

ಯಾಕೆ ಹಾಗೆ ಮಾಡಿದೆ ಎಂದು ಸಾಕಷ್ಟು ಜನ ಕೇಳಿದ್ದಾರೆ. ಚಿಗವ್ವನ ಕಟ್ಟಳೆ ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ಅವ್ವನ ಹೆಸರನ್ನು ಊರೆಲ್ಲ ಕೂಗಿತ್ತು, ಆದರೆ ನನ್ನ ಅವ್ವನ ಸರಿಸಮಳಾಗಿ ನಿಂತು ಆಕೆಯನ್ನು ಪ್ರೀತಿಸಿದ್ದ ಆ ಒಂದು ಬಾಯಿಂದ ಅದನ್ನು ಇನ್ನೊಂದು ಸಲ ಕೇಳಬೇಕಾಗಿತ್ತು. ಅದು ನನ್ನ ಆಸೆ. ಇವತ್ತೂ ಅದು ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ತೊಟ್ಟಿಲ ಮುಂದೆ ನಿಂತ ಮೇಲೆಯೇ ಯಾವ ಹೆಸರೆಂದು ಆಕೆಗೆ ಹೇಳಿದೆ. ಚಿಗವ್ವನ ಕೈ ತೊಟ್ಟಿಲ ಹಗ್ಗದ ಮೇಲೆ ಹಾಗೇ ನಿಂತಿತು. ನನ್ನ ಮುಖ ನೋಡಿದಳು. ಒಲ್ಲೆ ಎನ್ನಬಹುದಿತ್ತು, ಎಲ್ಲರೂ ಕಾಯುತ್ತಿದ್ದರು. ಆಮೇಲೆ ಬಗ್ಗಿದಳು. ಶಲವಡಿಯ ಹೆಂಗಸರು ಹಗೆ ತೀರಿಸಿಕೊಳ್ಳುವವರ ಹಾಗೆ ಗುದ್ದಿದರು. ಒಂದು ಹೆಸರಿಗೆ ಬೇಕಾದದ್ದಕ್ಕಿಂತ ಬಹಳ ಹೊತ್ತು ಆಕೆಯ ತುಟಿ ಕೂಸಿನ ಕಿವಿಯ ಹತ್ತಿರ ಆಡಿತು. ಆ ಗದ್ದಲದಲ್ಲಿ ನನಗೆ ಒಂದಕ್ಷರವೂ ಕೇಳಲಿಲ್ಲ.

ಅವತ್ತಿನಿಂದ ಚಿಗವ್ವ ನನ್ನ ಮಗಳನ್ನು ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ. 'ಪುಮೊ' ಎನ್ನುತ್ತಿದ್ದಳು, ಅವರ ಮಾತಿನಲ್ಲಿ ಹುಡುಗಿ ಎಂದರ್ಥ. ಶಲವಡಿಗೆ ಬಂದಾಗಲೆಲ್ಲ ಪುಮೊಗೆ ಒಂದು ಸ್ವೆಟರ್, ನಮ್ಮ ಎರೆಹೊಲದ ಬಿಸಿಲಿನಲ್ಲಿ ಯಾರು ತೊಟ್ಟಾರು ಎಂದರೂ ಕೇಳದೆ. ಅತ್ತೆ ಪ್ರತಿ ಸಲವೂ ಅದೇ ಮಾತು ಎತ್ತುತ್ತಿದ್ದರು, ಕಿವಿಯಲ್ಲಿ ಹೆಸರೇ ಹೇಳಿಲ್ಲ, ಏನೋ ಬೇರೆ ಹೇಳಿದ್ದಾಳೆ ಎಂದು. ನನಗೂ ಅದೇ ಅನುಮಾನ ಕೊರೆಯುತ್ತಿತ್ತು. ಆ ಹೆಸರು ಆಕೆಯ ಬಾಯಿಂದ ಬಂತೋ ಇಲ್ಲವೋ? ಕೇಳಿದರೆ ಚಿಗವ್ವ ಬಟ್ಟಲು ಒರೆಸುತ್ತಾ, ಕಿವಿಗೆ ಹೇಳಿದ್ದು ಕಿವಿಗೇ ಇರಲಿ ಎಂದು ನಗುತ್ತಿದ್ದಳು. ಮಗಳಿಗೆ ಕೇಳಿದರೆ, ನನಗೆಲ್ಲಿ ನೆನಪಿರುತ್ತದೆ ಎನ್ನುತ್ತಿದ್ದಳು.

ಹೋದ ವರ್ಷ ಗೋವಿನಜೋಳ ಬಿತ್ತುವ ಹೊತ್ತಿಗೆ ಚಿಗವ್ವ ಹಾಸಿಗೆ ಹಿಡಿದಳು. ಮಗಳನ್ನು ಕರೆದುಕೊಂಡು ಕ್ಯಾಂಪಿಗೆ ಹೋದೆ. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಕಿಟಕಿಯ ಪಕ್ಕದ ಮಂಚದಲ್ಲಿ ಚಿಗವ್ವ ಮೊದಲಿನ ಅರ್ಧದಷ್ಟಾಗಿದ್ದಳು, ಆದರೆ ಕಣ್ಣು ಅವೇ. ಇನ್ನು ಕೇಳದಿದ್ದರೆ ಯಾವತ್ತೂ ತಿಳಿಯುವುದಿಲ್ಲ ಎನಿಸಿ ನೇರವಾಗಿಯೇ ಕೇಳಿದೆ, ಅವತ್ತು ತೊಟ್ಟಿಲಲ್ಲಿ ಏನು ಹೇಳಿದೆ ಎಂದು.

ಆಕೆ ಮಗಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ಮೊದಲ ನಿಮ್ಮವ್ವಗ ಹೇಳಿದೆ," ಎಂದಳು. "ಅಕ್ಕಾ, ನಿನ್ನ ಕರ್ಯಾಕತ್ತಿಲ್ಲ, ಈ ಕೂಸಿನ್ನ ಕರೀತೀನಿ. ನೀ ಹೊಳ್ಳಿ ನೋಡಬ್ಯಾಡ, ನಡಿ ಅಂದೆ. ಆಮ್ಯಾಲೆ ಹೆಸರ ಹೇಳಿದೆ."

"ಅವ್ವನ ಹೆಸರ?"

"ಮತ್ತ್ಯಾರ ಹೆಸರ ಹೇಳಲಿ? ನೀ ಕೇಳಿದ್ದಿ. ಒಮ್ಮೆ ಹೇಳಿದೆ. ಒಮ್ಮಿಗೆ ಆಕಿ ಕ್ಷಮಿಸ್ತಾಳ ಅಂತ ಗೊತ್ತಿತ್ತು. ಎರಡನೇ ಸಲಕ್ಕ ಧೈರ್ಯ ಆಗಲಿಲ್ಲ."

ನಾನು ಮಂಚದ ಅಂಚಿಗೆ ಹಣೆ ಇಟ್ಟು ಅತ್ತೆ. ಅವ್ವ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತಿರಬೇಕು. ಹುಟ್ಟಿದಂದಿನಿಂದ ಕಾಯ್ದುಕೊಂಡು ಬಂದ ಕಟ್ಟಳೆಯನ್ನು ನನ್ನ ಹಟಕ್ಕಾಗಿ, ಯಾರಿಗೂ ಕೇಳದ ಹಾಗೆ, ಬೆನ್ನಿಗೆ ಗುದ್ದಿಸಿಕೊಳ್ಳುತ್ತಾ ಒಮ್ಮೆ ಮುರಿದಿದ್ದಳು. ಮುರಿಯುವ ಮೊದಲು ಸತ್ತವಳ ಅಪ್ಪಣೆ ಕೇಳಿದ್ದಳು. ಅಷ್ಟು ವರ್ಷ ಅತ್ತೆಯ ಚುಚ್ಚುಮಾತು ಕೇಳಿಯೂ ಅದನ್ನು ಹೇಳಿಕೊಂಡಿರಲಿಲ್ಲ.

ಮುಂದಿನ ವಾರವೇ ಆಕೆಯ ಮಗ ಫೋನ್ ಮಾಡಿದ, ಚಿಗವ್ವ ಹೋದಳೆಂದು. ಕ್ಯಾಂಪಿನ ಮನೆಯ ಮುಂದೆ ಇಳಿದಾಗ ನಮ್ಮ ಕಡೆಯ ರೂಢಿಯಂತೆ ನನ್ನ ಬಾಯಿ ತಾನಾಗಿಯೇ ತೆರೆಯಿತು, ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಒಳಗೆ ಲಾಮಾಗಳು ಸಣ್ಣ ದನಿಯಲ್ಲಿ ಓದುತ್ತಿದ್ದರು. ಹೆಸರನ್ನು ನುಂಗಿದೆ. 'ಚಿಗವ್ವಾ' ಎಂದಷ್ಟೇ ಹೊರಗೆ ಬಂತು.

ಶಲವಡಿಯ ನಮ್ಮ ಅಂಗಳದಲ್ಲಿ ಏಳು ವಾರ ದೀಪ ಹಚ್ಚಿದೆ. ತೊಟ್ಟಿಲಲ್ಲಿ ಆಕೆ ಹೇಳಿದ್ದೇನೆಂದು ಅತ್ತೆಗೆ ತಿಳಿಸಿದ್ದೆ. ಅವರು ಮೊದಲ ವಾರವೇ ಅಡುಗೆಮನೆಯಿಂದ ತುಪ್ಪದ ಗಿಂಡಿ ತಂದು ತಾವೇ ದೀಪಕ್ಕೆ ಹಾಕಿದರು. ಕೊನೆಯ ವಾರದ ಸಂಜೆ ಮಗಳು, ಮುಂದೆ ತನಗೆ ಮಗಳು ಹುಟ್ಟಿದರೆ ಸ್ವೆಟರ್ ಅಜ್ಜಿಯ ಹೆಸರನ್ನೇ ಇಡುತ್ತೇನೆ ಎಂದಳು. ಇಡು ಎಂದೆ, ಆದರೆ ಇಡುವ ಮೊದಲು ಆಕೆಗೆ ಒಂದು ಮಾತು ಹೇಳಿ ಇಡು ಎಂದೆ. ಏನು ಹೇಳಬೇಕೆಂದು ಮಗಳು ಕೇಳಲಿಲ್ಲ, ಅವತ್ತು ಮಂಚದ ಪಕ್ಕ ಅವಳೂ ಇದ್ದಳಲ್ಲ.

ಇಷ್ಟೆಲ್ಲ ಬರೆದು ಚಿಗವ್ವನ ಹೆಸರೇ ಬರೆದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಮರೆತಿದ್ದರೆ ಎಲ್ಲಾದರೂ ಬಾಯಿ ತಪ್ಪಿ ಬಂದುಬಿಡುತ್ತಿತ್ತು. ಚಿಗವ್ವ ಎಂದು ಎಷ್ಟು ಸಲ ಕರೆದರೂ ತೊಂದರೆಯಿಲ್ಲ, ನಮ್ಮ ಕಡೆ ಓಣಿಗೊಬ್ಬಳು ಚಿಗವ್ವ ಇದ್ದಾಳೆ. ಅವರೆಲ್ಲ ಹೊಳ್ಳಿ ನೋಡಲಿ. ಆಕೆಯೊಬ್ಬಳು ನಡೆಯಲಿ.