ಸೋಷಿಯಲ್ ಮಿಸ್ ಮತ್ತು ಒಂದು ಕಾರ್ಬನ್ ಹಾಳೆ

ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹಿಂದೆ ಇರುವ ಸ್ಟೇಷನರಿ ಅಂಗಡಿಯಲ್ಲಿ ಕಾರ್ಬನ್ ಪೇಪರ್ ಕೇಳಿದಾಗ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಫೋನಿನಲ್ಲಿ ಫೋಟೋ ತೆಗೆದುಕೊಂಡರೆ ಆಯಿತಲ್ಲ, ಈಗ ಇದನ್ನೆಲ್ಲ ಯಾರು ಕೇಳುತ್ತಾರೆ ಎಂದ. ಫೋನನ್ನು ನಾನು ನಂಬುವುದಿಲ್ಲ ಎಂದು ಅವನಿಗೆ ಹೇಳಲಿಲ್ಲ. ಅವನು ಅಟ್ಟದ ಮೇಲಿಂದ ಒಂದು ಡಬ್ಬಿ ಇಳಿಸಿ, ಧೂಳು ಒರೆಸಿ ಮುಚ್ಚಳ ತೆಗೆದ. ಮೇಣಕ್ಕೆ ಸೀಮೆಎಣ್ಣೆ ಬೆರೆಸಿದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಲಸೂರಿನ ನಮ್ಮ ಹೈಸ್ಕೂಲು, ಬೀಗ ಹಾಕಿದ ಟಾಯ್ಲೆಟ್ಟು, ಸೋಷಿಯಲ್ ಮಿಸ್ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಹದಿಮೂರು ವರ್ಷ ನಾನು ಮನಸ್ಸಿನಲ್ಲೇ ಬೈದುಕೊಂಡು ಬಂದ ಹೆಂಗಸು...

ಕಾರ್ಬನ್ ಬೇಕಾದದ್ದು ಮಗಳ ಸ್ಕೂಲಿನ ದೆಸೆಯಿಂದ. ಮಕ್ಕಳ ಬ್ಯಾಗನ್ನು ಯಾವಾಗ ಬೇಕಾದರೂ ಚೆಕ್ ಮಾಡಬಹುದು, ಶಾಲೆಯ ವಿಷಯವಾಗಿ ಪೋಷಕರು ಹೊರಗೆ ಎಲ್ಲೂ ದೂರು ಕೊಡಬಾರದು, ಇದಕ್ಕೆ ಒಪ್ಪಿ ಸಹಿ ಹಾಕಿ ಎಂದು ಒಂದು ಕಾಗದ ಕಳಿಸಿದ್ದರು. ಎರಡನೇ ಕ್ಲಾಸಿನ ಮಗುವಿನ ಬ್ಯಾಗಿನಲ್ಲಿ ಅರ್ಧ ತಿಂದ ಬಿಸ್ಕತ್ತು ಬಿಟ್ಟರೆ ಇನ್ನೇನು ಸಿಕ್ಕೀತು? ಸಹಿ ಹಾಕುವ ಬದಲು, ಯಾಕೆ ಎಂದು ಬರೆದೇ ಕೇಳೋಣ ಎಂದುಕೊಂಡೆ. ನನ್ನ ಗಂಡ ನಕ್ಕ. ನನ್ನದು ಸಂಶಯದ ಜೀವ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಾಲಿನ ಪ್ಯಾಕೆಟ್ಟಿನ ತಾರೀಖನ್ನು ಎರಡು ಸಲ ಓದದೆ ನಾನು ಕತ್ತರಿ ಹಾಕುವುದಿಲ್ಲ.

ನಾವು ಯಾದಗಿರಿ ಕಡೆಯವರು. ಅಪ್ಪನದು ಗಾರೆ ಕೆಲಸ, ಅವ್ವ ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಜೋಗುಪಾಳ್ಯದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ತನಕ ಬಂದ ಮೊದಲ ಹುಡುಗಿ ನಾನು. ಮಿಸ್ ಹಲಸೂರಿನಲ್ಲೇ ಹುಟ್ಟಿ ಬೆಳೆದ ತಮಿಳು ಮನೆಯವರು. ನಮ್ಮ ಹೆಡ್ ಮೇಡಂ ಮನೆಮಾತೂ ತಮಿಳು. ಇಬ್ಬರೂ ವರಾಂಡದಲ್ಲಿ ನಿಂತು ತಮಿಳಿನಲ್ಲಿ ಮಾತಾಡಿಕೊಳ್ಳುತ್ತಿದ್ದರೆ, ನನಗೆ ಅರ್ಥವಾಗದ್ದೆಲ್ಲ ನನ್ನ ವಿಷಯವೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದೆ.

ಸಂವಿಧಾನದ ಪಾಠಕ್ಕೆ ನಿಂತರೆ ಮಿಸ್ಸಿಗೆ ಬೆಲ್ ಹೊಡೆದದ್ದೂ ಕೇಳುತ್ತಿರಲಿಲ್ಲ. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ತಮ್ಮ ಧರ್ಮದ ನಂಬಿಕೆಯಿಂದಾಗಿ ಹಾಡಲಿಲ್ಲ ಎಂದು ಕೇರಳದ ಮಕ್ಕಳನ್ನು ಶಾಲೆಯಿಂದ ತೆಗೆದಾಗ, ಸುಪ್ರೀಂ ಕೋರ್ಟು ಅವರನ್ನು ವಾಪಸ್ ಸೇರಿಸಿಕೊಳ್ಳಿ ಎಂದ ಕಥೆಯನ್ನು ನಮಗೆ ಎಷ್ಟು ಸಲ ಹೇಳಿದ್ದರೋ. ಶೌಚಾಲಯ, ಕುಡಿಯುವ ನೀರು ಇಲ್ಲದಿದ್ದರೆ ಶಿಕ್ಷಣದ ಹಕ್ಕು ಕೊಟ್ಟ ಹಾಗಾಗುವುದಿಲ್ಲ ಎಂದು ಕೋರ್ಟು ಹೇಳಿದ್ದನ್ನು ಪೇಪರಿನಿಂದ ಕತ್ತರಿಸಿ ತಂದು ಓದಿದ್ದರು. ಪಾಠದ ಕೊನೆಗೆ ತಪ್ಪದೆ ಒಂದು ಮಾತು ಇರುತ್ತಿತ್ತು.

"ಯಾರಿಗೆ ಏನೇ ಬರ್ದು ಕೊಟ್ರೂ ಕೆಳಗೆ ಕಾರ್ಬನ್ ಇಡಿ. ಒಂದು ಪ್ರತಿ ನಿಮ್ಮ ಹತ್ರ ಇರ್ಲಿ."

ನಮ್ಮ ಸ್ಕೂಲಿನಲ್ಲಿ ಹುಡುಗಿಯರ ಟಾಯ್ಲೆಟ್ಟಿಗೆ ಮಧ್ಯಾಹ್ನದ ಊಟದ ಬೆಲ್ ಹೊಡೆಯುವ ತನಕ ಬೀಗ. ಗಲೀಜು ಮಾಡುತ್ತೇವೆ ಎಂಬುದು ಕಾರಣ. ನಾವೆಲ್ಲ ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದೆವು, ಪ್ರೇಯರ್‌ನಲ್ಲಿ ಒಬ್ಬಳಾದರೂ ತಲೆಸುತ್ತಿ ಕೂರುತ್ತಿದ್ದಳು. ನಾನು ಶಿಕ್ಷಣ ಇಲಾಖೆಯ ಬಿಇಒ ಆಫೀಸಿಗೆ ಹೆಸರು ಹಾಕದೆ ಒಂದು ದೂರು ಬರೆದು ಮಿಸ್ಸಿಗೆ ತೋರಿಸಿದೆ. ಅವರು ಪೆನ್ಸಿಲಿನಲ್ಲಿ ಮೂರು ಸಾಲು ತಿದ್ದಿ ವಾಪಸ್ ಕೊಟ್ಟರು. ಮನೆಯಲ್ಲಿ ಹೊಸ ಕಾರ್ಬನ್ ಇಟ್ಟು ಅಚ್ಚುಕಟ್ಟಾಗಿ ಬರೆದೆ. ಕಾಗದ ಪೋಸ್ಟಿಗೆ ಹೋಯಿತು, ಪ್ರತಿ ಅವ್ವನ ಟ್ರಂಕಿಗೆ. ಕಾರ್ಬನ್ ಇನ್ನೊಂದು ಸಲಕ್ಕೆ ಬರುತ್ತದೆ ಎಂದು ನೋಟ್‌ಬುಕ್ಕಿನಲ್ಲೇ ಇಟ್ಟುಕೊಂಡೆ.

ಬಿಇಒ ಆಫೀಸಿನವರು ಆ ಕಾಗದವನ್ನು ಉತ್ತರ ಕೇಳಿ ಸ್ಕೂಲಿಗೇ ಕಳಿಸಿದರು. ಮುಂದಿನ ಸೋಮವಾರ ಹತ್ತನೇ ಕ್ಲಾಸಿನ ಹುಡುಗಿಯರ ಬ್ಯಾಗುಗಳೆಲ್ಲ ಸ್ಟಾಫ್ ರೂಮಿಗೆ ಹೋಗಿ ಸಂಜೆ ವಾಪಸ್ ಬಂದವು. ನನ್ನ ಸ್ವಭಾವ ಗೊತ್ತಲ್ಲ, ಒಂದೊಂದೇ ತೆಗೆದು ನೋಡಿದೆ. ಎಲ್ಲವೂ ಇದ್ದವು, ಕಾರ್ಬನ್ ಹಾಳೆ ಮಾತ್ರ ಇರಲಿಲ್ಲ. ಕಸ ಎಂದು ಎಸೆದಿರಬೇಕು ಎಂದುಕೊಂಡು ಅದನ್ನು ಅಲ್ಲಿಗೇ ಮರೆತೆ.

ಮರುದಿನ ಹೆಡ್ ಮೇಡಂ ನನ್ನೊಬ್ಬಳನ್ನೇ ಕರೆಸಿದರು. ದೂರು ಸುಳ್ಳು, ತಪ್ಪಾಯಿತು ಎಂದು ಬರೆದು ಕೊಡಬೇಕು, ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ, ಯೋಚಿಸಲು ಒಂದು ದಿನ. ಪರೀಕ್ಷೆಗೆ ಮೂರು ವಾರ ಉಳಿದಿತ್ತು. ನಾನೇ ಎಂದು ಇವರಿಗೆ ಹೇಗೆ ಗೊತ್ತಾಯಿತು? ತಿಳಿದಿದ್ದವರು ಒಬ್ಬರೇ. ಆವತ್ತು ಸಂಜೆಯೂ ಅವರಿಬ್ಬರು ವರಾಂಡದಲ್ಲಿ ತಮಿಳಿನಲ್ಲಿ ಮಾತಾಡುತ್ತಿದ್ದರು. ಇನ್ನೇನು ಸಾಕ್ಷಿ ಬೇಕಿತ್ತು ನನಗೆ...

ಮನೆಯಲ್ಲಿ ಅವ್ವ ಕಣ್ಣೀರು ಹಾಕಿದಳು. "ಬರ್ದು ಕೊಟ್ಟು ಬಾರವ್ವ. ನಮಗ್ಯಾಕ ಬೇಕು ಇಲ್ಲದ ಉಸಾಬರಿ" ಎಂದಳು.

ಮರುದಿನ ಆಫೀಸಿನಲ್ಲಿ ಮಿಸ್ ಕೂಡ ನಿಂತಿದ್ದರು. ಹೆಡ್ ಮೇಡಂ ಬಿಳಿ ಹಾಳೆ ಮುಂದೆ ತಳ್ಳಿದರು. ಯಾರೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಾಗಿಲ್ಲ, ಸಂವಿಧಾನದಲ್ಲಿದೆ ಎಂದು ನಾನು ಬಾಯಿಪಾಠ ಒಪ್ಪಿಸಿದೆ. ಹೌದೇನ್ರೀ ಎಂದು ಹೆಡ್ ಮೇಡಂ ಮಿಸ್ಸನ್ನು ಕೇಳಿದರು.

"ಅದು ಕ್ರಿಮಿನಲ್ ಕೇಸಲ್ಲಿ ಆರೋಪಿಗೆ ಇರೋ ಹಕ್ಕು ಮೇಡಂ. ಇದಕ್ಕೆ ಬರಲ್ಲ" ಎಂದರು ಮಿಸ್, ನನ್ನ ಮುಖ ನೋಡದೆ.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಹಿಡಿದು ಕೊಟ್ಟಿದ್ದೂ ಸಾಲದು, ಈಗ ಅವರ ಕಡೆಯೇ ನಿಂತು ಮಾತಾಡುತ್ತಿದ್ದಾರೆ ಎನಿಸಿತು.

"ಇವ್ರೇ ತಿದ್ದಿಕೊಟ್ಟಿದ್ದು ಮೇಡಂ. ಇವ್ರನ್ನೇ ಕೇಳಿ" ಎಂದುಬಿಟ್ಟೆ.

ಹೆಡ್ ಮೇಡಂ ಕನ್ನಡಕ ತೆಗೆದು ಮಿಸ್ಸನ್ನೇ ನೋಡುತ್ತ ಕೂತರು. ಅದನ್ನೂ ನಾಟಕ ಎಂದುಕೊಂಡೆ. ಮಿಸ್ ಹೌದು, ನಾನೇ ತಿದ್ದಿದ್ದು ಎಂದು ಒಪ್ಪಿಕೊಂಡರು. ಆಮೇಲೆ ಸೆರಗು ಸರಿಮಾಡಿಕೊಂಡು, "ಹಾಲ್ ಟಿಕೆಟ್ ತಡೀಬೇಕಾದ್ರೆ ಇವಳ ತಪ್ಪೇನು ಅಂತ ಬರ್ದು ಕೊಡಿ ಮೇಡಂ, ಇವಳ ಉತ್ತರ ಕೇಳಿ. ಕೇಳ್ದೆ ಶಿಕ್ಷೆ ಕೊಟ್ರೆ ಯಾವ ಕೋರ್ಟೂ ಒಪ್ಪಲ್ಲ" ಎಂದರು. ಹೆಡ್ ಮೇಡಂ ನನ್ನನ್ನು ಹೊರಗೆ ಕಳಿಸಿದರು. ಬಾಗಿಲಾಚೆ ತಮಿಳು ಜೋರಾಗಿ ಕೇಳುತ್ತಿತ್ತು.

ಯಾರೂ ಏನನ್ನೂ ಬರೆದು ಕೊಡಲಿಲ್ಲ, ನನ್ನ ಹಾಲ್ ಟಿಕೆಟ್ ಎಲ್ಲರ ಜೊತೆಗೇ ಬಂತು. ಮುಂದಿನ ವಾರದಿಂದ ಮಿಸ್ ಕಾಣಲಿಲ್ಲ. ಪರೀಕ್ಷೆಗೆ ಮೊದಲು ಒಮ್ಮೆ ಹಲಸೂರು ಮಾರ್ಕೆಟ್ಟಿನಲ್ಲಿ ಎದುರಾಗಿ, ಚೆನ್ನಾಗಿ ಓದ್ತಿದೀಯಾ ಎಂದು ಕೇಳಿದರು. ನಾನು ಮುಖ ತಿರುಗಿಸಿಕೊಂಡು ಅವ್ವನ ಕೈ ಹಿಡಿದು ಮುಂದೆ ಹೋದೆ.

ಹೋದ ವರ್ಷ ಹಳೆಯ ಕ್ಲಾಸ್‌ಮೇಟ್ ಒಬ್ಬಳು ಬಸ್ಸಿನಲ್ಲಿ ಸಿಕ್ಕಾಗ, ಮಿಸ್ ಕೋವಿಡ್ ಸಮಯದಲ್ಲಿ ತೀರಿಹೋದರು ಎಂದಳು. ಆ ದೂರು ತಿದ್ದಿದ್ದಕ್ಕೇ ಅವರನ್ನು ಕೆಲಸದಿಂದ ತೆಗೆದಿದ್ದರು, ಮತ್ತೆ ಯಾವ ಸ್ಕೂಲಿನಲ್ಲೂ ಪಾಠ ಮಾಡಲಿಲ್ಲ ಎಂದೂ ಹೇಳಿದಳು. ನಾನು ಅಯ್ಯೋ ಎಂದೆ, ಒಳಗೆ ನಂಬಲಿಲ್ಲ. ಹಿಡಿದು ಕೊಟ್ಟವರಿಗೆ ಯಾಕೆ ಶಿಕ್ಷೆ ಕೊಡುತ್ತಾರೆ...

ಇವತ್ತು ಬೆಳಿಗ್ಗೆ ಮಗಳನ್ನು ಕಳಿಸಿ, ಕಿಟಕಿಯ ಹತ್ತಿರ ಕೂತು ಅವಳ ಸ್ಕೂಲಿಗೆ ಕಾಗದ ಬರೆದೆ. ಮುಗಿಸಿ ನಡುವಿನ ಕಾರ್ಬನ್ ಎಳೆದಾಗ ಅದಕ್ಕೆ ಬಿಸಿಲು ಬಿತ್ತು. ಹೊಸ ಹಾಳೆ, ಒಂದೇ ಸಲ ಬಳಸಿದ್ದು. ಬೆಳಕಿಗೆ ಹಿಡಿದರೆ ನಾನು ಬರೆದ ಒಂದೊಂದು ಅಕ್ಷರವೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು, ಕೊನೆಯ ಪ್ರಶ್ನೆಚಿಹ್ನೆಯ ತನಕ.

ಆ ಸೋಮವಾರ ನನ್ನ ಬ್ಯಾಗಿನಿಂದ ಹೋದದ್ದು ಇದೇ. ಸ್ಟಾಫ್ ರೂಮಿನ ಕಿಟಕಿಗೆ ಅದನ್ನು ಎತ್ತಿ ಹಿಡಿದವರು ಯಾರೋ ಗೊತ್ತಿಲ್ಲ, ಆದರೆ ಅವರಿಗೆ ಮಿಸ್ ನನ್ನ ಹೆಸರು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಆ ಸ್ಕೂಲಿನಲ್ಲಿ ಒಬ್ಬರ ಹೆಸರು ಇನ್ನೊಬ್ಬರಿಗೆ ಹೇಳಿದವಳು ನಾನೊಬ್ಬಳೇ. ಇಡೀ ಲೋಕವನ್ನು ಅನುಮಾನಿಸಿದವಳಿಗೆ ಇದೊಂದು ಮಾತ್ರ ಹೊಳೆದಿರಲಿಲ್ಲ. ತುಂಬ ಹೊತ್ತು ಅತ್ತೆ.

ಆಮೇಲೆ ಇನ್ನೊಂದು ಹಾಳೆ ತೆಗೆದುಕೊಂಡೆ. ಆವತ್ತು ಹೆಡ್ ಮೇಡಂಗೆ ಬರೆದು ಕೊಡದಿದ್ದ 'ತಪ್ಪಾಯಿತು' ಎಂಬ ಮಾತನ್ನು ಮಿಸ್ಸಿಗೆ ಬರೆದೆ, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ. ಕಳಿಸುವುದಕ್ಕೆ ವಿಳಾಸವಿಲ್ಲ. ಹಾಳೆ ಎತ್ತಿ ನೋಡಿದರೆ, ಅವರು ಹೇಳಿಕೊಟ್ಟಿದ್ದ ಹಾಗೆ, ಕೆಳಗೆ ಕಾರ್ಬನ್ ಇಟ್ಟೇ ಬರೆದಿದ್ದೆ.