ಗುದ್ದಪ್ಪನ ಬಲಗೈ

ಮೊದಲು ಸದ್ದು ನಿಂತಿತು.

ಪಾರ್ವತಿನಗರದ ನಮ್ಮ ಮನೆಯ ಹಾಲ್‌ನಲ್ಲಿ, ಟಿವಿ ಇರಬೇಕಾದ ಜಾಗದಲ್ಲಿ, ಉಪ್ಪುನೀರಿನ ಟ್ಯಾಂಕ್ ಇದೆ. ಅದರ ಕಲ್ಲಿನ ಬಿಲದಲ್ಲಿ ಅಂಗೈ ಉದ್ದದ ಮ್ಯಾಂಟಿಸ್ ಶ್ರಿಂಪ್ ಒಂದಿದೆ. ಸೀಗಡಿಯ ದೂರದ ನೆಂಟ. ಎದೆಗೆ ಮಡಚಿಟ್ಟ ಎರಡು ಕೈಗಳಿಂದ ಬಸವನಹುಳುವಿನ ಚಿಪ್ಪನ್ನು ಗುದ್ದಿ ಒಡೆದು ತಿನ್ನುತ್ತಾನೆ. ಟಕ್. ಹಾಗಾಗಿ ಗುದ್ದಪ್ಪ. ಹೆಸರಿಟ್ಟವರು ನಮ್ಮತ್ತೆ. ಆಮೇಲೆ ಅದನ್ನು ಒಪ್ಪಿಕೊಳ್ಳಲಿಲ್ಲ.

ಸದ್ದು ನಿಂತದ್ದು ಸೋಮವಾರ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಬಹುಶಃ ಅಲ್ಲ. ಸೋಮವಾರ ಎಂದರೆ ನಮ್ಮ ಮನೆಯಲ್ಲಿ ಮಾತಿಗೆ ತೂಕ ಬರುತ್ತದೆ, ಅಷ್ಟೆ. ಖಚಿತವಾಗಿ ಗೊತ್ತಿರುವುದು ಇಷ್ಟು: ಅವನು ಬಿಲದ ಬಾಯಿಗೆ ಹರಳು ಜೋಡಿಸಿ ಬಾಗಿಲು ಹಾಕಿಕೊಂಡ. ಪೊರೆ ಬಿಡುವ ಮೊದಲು ಹಾಗೆ ಮಾಡುತ್ತಾನೆ. ಹಳೆಯ ಚಿಪ್ಪು ಕಳಚಿ, ಹೊಸದು ಒಂದಿಷ್ಟು ಗಟ್ಟಿಯಾಗುವ ತನಕ ಒಳಗೇ ಇರುತ್ತಾನೆ. ಹಿಂದೆ ಎರಡು ಸಲ ಕಂಡಿದ್ದೆ. ಹೆದರಲಿಲ್ಲ.

ಎಂಟನೇ ದಿನ ಹೊರಗೆ ಬಂದ. ಮೈಯೆಲ್ಲ ಹೊಸ ಹಸಿರು. ಬಲಗೈಗೆ ಮಾತ್ರ ಹಳೆಯ ಚಿಪ್ಪು ಬಿಗಿದುಕೊಂಡೇ ಇತ್ತು. ಅದರೊಳಗೆ ಮೆತ್ತನೆಯ ಹೊಸ ಕೈ ಊದಿ, ಕಪ್ಪಾಗತೊಡಗಿತ್ತು.

ಪೊರೆ ಪೂರ್ತಿ ಬಿಟ್ಟಿರಲಿಲ್ಲ.

ವಿಡಿಯೊ ಹಿಡಿದುಕೊಂಡು ಪಶುವೈದ್ಯರಲ್ಲಿಗೆ ಹೋದೆ. ಎಮ್ಮೆಗಳ ಸಾಲಿನಲ್ಲಿ ನಿಂತೆ. ಹಿಂದಿದ್ದವನು, 'ಅಕ್ಕಾರ, ನಿಮ್ಮ ದನ ಎಲ್ಲೈತ್ರಿ?' ಎಂದ. ಮೊಬೈಲ್ ತೋರಿಸಿದೆ.

ಡಾಕ್ಟರು ನಗಲಿಲ್ಲ. ಅದಕ್ಕೆ ಅವರಿಗೆ ಋಣಿ. ಇಂಥದ್ದಕ್ಕೆ ಟ್ರೀಟ್‌ಮೆಂಟ್ ಕೊಟ್ಟಿಲ್ಲ ಎಂದು ನೇರವಾಗಿ ಹೇಳಿ, ಏಡಿ ಸೀಗಡಿಗಳ ಬಗ್ಗೆ ಓದಿದ್ದನ್ನು ನೆನಪು ಮಾಡಿಕೊಂಡರು. ಚಿಪ್ಪನ್ನು ಎಳೆಯಬಾರದು. ಇನ್‌ಫೆಕ್ಷನ್ ಆಗದಂತೆ ನೀರು ಚೊಕ್ಕ ಇರಬೇಕು. ಕೆಟ್ಟ ಕೈಯನ್ನು ಅವನೇ ಉದುರಿಸಬಹುದು. ಮುಂದಿನ ಪೊರೆ ಸರಿಯಾಗಿ ಬಿಟ್ಟರೆ ಉಳಿಯುತ್ತಾನೆ. ಮತ್ತೆ ಸಿಕ್ಕಿಕೊಂಡರೆ ಇಲ್ಲ. ಕೊನೆಗೆ ಕೇಳಿದರು:

'ಡಯಟ್ ಏನ್ರಿ ಮೇಡಂ?'

ಹೆಮ್ಮೆಯಿಂದಲೇ ಹೇಳಿದೆ. ನಮ್ಮದು ಕೊರಳಲ್ಲಿ ಲಿಂಗವಿರುವ ಮನೆತನ. ಟ್ಯಾಂಕ್ ಬಂದ ದಿನವೇ ಅತ್ತೆ ತೀರ್ಪು ಕೊಟ್ಟಿದ್ದರು: ಜೀವಂತ ಹುಳು ಬಿಟ್ಟರೆ ಬೇಟೆ ಅದರದು, ಪಾಪವೂ ಅದರದು. ಪೇಟೆಯ ಮಾಂಸ ತಂದು ಕೊಯ್ದರೆ ಪಾಪ ನಮ್ಮದು. ಅನುಕೂಲದ ಧರ್ಮ. ನನಗೂ ಹಿಡಿಸಿತ್ತು. ರಾರಾವಿಯಲ್ಲಿ ನನ್ನ ಸೋದರಮಾವನ ಭತ್ತದ ಗದ್ದೆ ಇದೆ. ಎರಡು ವಾರಕ್ಕೊಮ್ಮೆ ಅಲ್ಲಿಂದ ಬಸವನಹುಳು ತರುತ್ತಿದ್ದೆ.

ಗದ್ದೆಗೆ ಏನು ಹೊಡೆಯುತ್ತಾರೆ, ಕೇಳಿ ನೋಡಿ ಎಂದರು ಡಾಕ್ಟರು.

ಮರುದಿನ ಸಿರುಗುಪ್ಪದ ಬಸ್ ಹತ್ತಿದೆ. ಮಾವ ದನದ ಕೊಟ್ಟಿಗೆಯ ಗೂಡಿನಿಂದ ಜಿಗಿಹುಳುವಿನ ಔಷಧಿಯ ಬಾಟಲಿ ತೆಗೆದು ತೋರಿಸಿದ. ಅದರ ಮೇಲೆ ಅವನಿಗೆ ಬಲು ಅಭಿಮಾನ.

'ಹೊಡದ ಕೂಡ್ಲೆ ಹುಳ ಸಾಯಂಗಿಲ್ಲವ್ವ. ಪೊರಿ ಬಿಡಾಕ ಬರದಂಗ ಮಾಡ್ತೈತಿ. ಅದರಾಗ ಸಿಕ್ಕೊಂಡು ಹೋಗ್ತಾವ.'

ಅದನ್ನು ನನ್ನ ಕೈಯಾರೆ ಒಯ್ದು ಗುದ್ದಪ್ಪನಿಗೆ ತಿನ್ನಿಸಿದ್ದೆ.

ವಿಷಯ ಹೇಳಿದಾಗ ಮಾವ ನಕ್ಕ. 'ಲೇ ಹುಚ್ಚಿ, ಹುಳ ಸಾಯ್ಲಿ ಅಂತ ನಾವು ಹೊಡಿತೀವಿ. ನೀ ಒಂದು ಹುಳಕ್ಕ ಅಳಾಕ ಬಸ್ ಹತ್ತಿ ಬಂದೀಯಲ್ಲ.' ಹೌದು, ಬಂದಿದ್ದೆ. ಅದೇ ಗದ್ದೆಯ ಅಕ್ಕಿ ನಮ್ಮ ಡಬ್ಬಿಯಲ್ಲೂ ಇದೆ ಎಂಬುದು ತಿರುಗಿ ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಅಥವಾ ಈಗ, ಬರೆಯುವಾಗ.

ಎರಡು ದಿನ ಬಿಟ್ಟು ನೋಡಿದರೆ ಬಲಗೈ ಮರಳಿನ ಮೇಲೆ ಬಿದ್ದಿತ್ತು.

ಅವತ್ತೇ ಸ್ಟೀಲ್ ಡಬ್ಬಿ ಹಿಡಿದು ಮೀನಿನ ಮಾರುಕಟ್ಟೆಗೆ ಹೋದೆ. ಐಸಿನಲ್ಲಿಟ್ಟ ಕಡಲ ಏಡಿಯನ್ನು ಹೇಗೆ ಕೇಳಬೇಕೆಂದು ಕೂಡ ಗೊತ್ತಿರಲಿಲ್ಲ, ಬೆರಳು ತೋರಿಸಿದೆ. ಮನೆಗೆ ಬಂದಾಗ ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು.

'ಅದರಾಗೇನೈತಿ?'

'ಏಡಿ.'

'ನಾ ಇರೋತನಕ ಅದು ಒಳಗ ಬರಂಗಿಲ್ಲ.'

'ಬರ್ತೈತ್ರಿ ಅತ್ತಿ. ಹಿತ್ತಲದಾಗ ಕೊಯ್ತೀನಿ. ಜಳಕಾ ಮಾಡಿ ಅಡಗಿಮನಿಗೆ ಬರ್ತೀನಿ. ಆದ್ರ ಇದು ಬರ್ತೈತಿ.'

ಮದುವೆಯಾಗಿ ಹತ್ತೊಂಬತ್ತು ವರ್ಷ. ಅವರಿಗೆ ಎದುರಾಡಿದ್ದು ಅದೇ ಮೊದಲು ಎಂದು ಬರೆಯಲು ಆಸೆ. ಎದುರಾಡಿದ್ದು ಮೊದಲಲ್ಲ. ಗೆದ್ದದ್ದು ಮೊದಲು.

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಏಡಿ ಕೊಯ್ದೆ. ವಾಂತಿಯಾಯಿತು. ಅತ್ತೆ ಮರುದಿನ ಕುರುಗೋಡಿನ ತಮ್ಮನ ಮನೆಗೆ ಹೊರಟುಹೋದರು.

ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವವಳು. ಬೆಳಿಗ್ಗೆ ಸಂಜೆ ನೀರಿನ ಟೆಸ್ಟ್, ನೀರು ಬದಲು, ಏಡಿಯ ತುಣುಕು. ಒಂದೇ ಕೈಯಲ್ಲಿ ಅವನು ಗುರಿ ತಪ್ಪುತ್ತಿದ್ದ. ಚಿಪ್ಪನ್ನು ನಾನೇ ಒಡೆದು ಕೊಡುತ್ತಿದ್ದೆ. ಸ್ಟಾಫ್ ರೂಮಿನಲ್ಲಿ, ಇನ್ನೊಂದು ತರಿಸಿಕೊಳ್ಳಿ ಎಂದು ಸಮಾಧಾನ ಹೇಳಿದರು. ಯಾರ ಮನೆಯ ಅಜ್ಜ ಹಾಸಿಗೆ ಹಿಡಿದಾಗಲೂ ಹಾಗೆ ಹೇಳುವುದಿಲ್ಲ. ಇವನು ಅಜ್ಜನಲ್ಲ, ಹುಳು, ಎನ್ನುತ್ತೀರಿ. ಗೊತ್ತು. ಯಾರಿಗೆ ಆರೈಕೆ ಸಲ್ಲಬೇಕು, ಯಾರಿಗೆ ಬೇಡ ಎಂಬ ಪಟ್ಟಿ ಎಲ್ಲಾದರೂ ಇದ್ದರೆ, ನಾನು ಅದಕ್ಕೆ ಸಹಿ ಹಾಕಿಲ್ಲ.

ಎರಡು ತಿಂಗಳು ದಾಟಿದ ಮೇಲೆ ಮತ್ತೆ ಬಿಲದ ಬಾಯಿಗೆ ಹರಳು ಬಂದವು. ಅತ್ತೆಗೆ ನಾನು ಹೇಳಲಿಲ್ಲ; ನನ್ನ ಗಂಡ ಫೋನ್ ಮಾಡಿರಬೇಕು. ಮರುದಿನ ಬೆಳಿಗ್ಗೆ ಬಂದರು. ಚೀಲ ಇಳಿಸಿ ಟ್ಯಾಂಕಿನೆದುರು ಕುರ್ಚಿ ಎಳೆದುಕೊಂಡರು. ವಿಭೂತಿ ತೆಗೆದರು. ನೀರಿಗೆ ಹಾಕಬೇಡಿ ಎಂದೆ. 'ಅಷ್ಟು ತಿಳೀತೈತಿ ನನಗ' ಎಂದು, ಗಾಜಿನ ಹೊರಮೈಗೆ ಮೂರು ಬೆರಳಿನಿಂದ ಪಟ್ಟೆ ಎಳೆದರು.

ಆರು ದಿನ. ಏಳು. ಎಂಟು. ಒಂಬತ್ತನೇ ದಿನ ಕಾಲೇಜಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ.

'ಬಾ ಇಲ್ಲಿ' ಎಂದರು ಅತ್ತೆ. 'ಬಾಗಿಲಾ ತಗದಾನ.'

ಪೊರೆ ಪೂರ್ತಿ ಬಿಟ್ಟಿತ್ತು. ಬಲಗಡೆ, ಏನೂ ಇಲ್ಲದಿದ್ದ ಜಾಗದಲ್ಲಿ, ಅಲಸಂದಿ ಕಾಳಿನಷ್ಟು ಬಿಳಿಚಿದ ಕೈ.

ಔಷಧಿಯೇ ಕಾರಣವೋ, ಪೊರೆ ಬಿಡಲು ಬೇಕಾದ ಅಯೋಡಿನ್ ನೀರಿನಲ್ಲಿ ಕಡಿಮೆಯಾಗಿತ್ತೋ, ಡಾಕ್ಟರಿಗೂ ಖಚಿತವಿಲ್ಲ. ನನಗೊಂದು ಕಾರಣ ಬೇಕಿತ್ತು, ಸಿಕ್ಕಿತು. ಅದಕ್ಕೇ ಅದನ್ನು ಪೂರ್ತಿ ನಂಬುವುದಿಲ್ಲ. ಮುಂದಿನ ಪೊರೆ ಹೇಗೋ ತಿಳಿಯದು. ಏಡಿ ಮಾತ್ರ ಬರುತ್ತದೆ, ಮುಂಬಾಗಿಲಿನಿಂದಲೇ.

ಒಂದು ವಾರ ಬಿಟ್ಟು, ಏಡಿಯ ಕಾಲೊಂದನ್ನು ಬಿಲದ ಮುಂದಿಟ್ಟೆ. ಅತ್ತೆ ಮೂಗಿಗೆ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದರು. ಅವನು ಗಟ್ಟಿಯಾದ ಎಡಗೈ ಬಿಟ್ಟು, ಆ ಕಾಳಿನಷ್ಟು ಕೈಯಿಂದ ಗುದ್ದಿದ. ಸದ್ದೇ ಆಗಲಿಲ್ಲ.

ಮತ್ತೆ ಗುದ್ದಿದ.