ಹೊರಗೆ ಕೂತು ಬರೆದ ರಂಗೋಲಿ ಪ್ರೋಗ್ರಾಂ

ಸೋಲ್ಡರಿಂಗ್ ಹೊಗೆ ಮೂಗಿಗೆ ಬಡಿದರೆ ಇಂದಿಗೂ ನನಗೆ ಹೊಸನಗರದ ನಮ್ಮ ಮನೆಯ ಜಗಲಿಯೇ ನೆನಪಾಗುವುದು.

ಚಿಕ್ಕಪ್ಪ ಬಿಡಿಭಾಗಗಳನ್ನು ಅಂಚೆಯಲ್ಲಿ ತರಿಸಿ, ಜಗಲಿಯಲ್ಲಿ ಕೂತು ತಾನೇ ಬೆಸೆದು ಒಂದು ಕಂಪ್ಯೂಟರ್ ಕಟ್ಟಿದ್ದ. ಪರದೆಯಾಗಿ ಮನೆಯ ಟಿವಿ, ಪ್ರೋಗ್ರಾಂ ಉಳಿಸಿಡಲು ಟೇಪ್ ರೆಕಾರ್ಡರ್. ಅಜ್ಜಿ ಅದಕ್ಕೂ ಕುಂಕುಮ ಹಚ್ಚಿದ್ದಳು. ಹಾಗಾಗಿ ತಿಂಗಳಲ್ಲಿ ಮೂರು ದಿನ, ನಾನು ಮುಟ್ಟಾಗಿ ಹೊರಗೆ ಕೂತಾಗ, ದೇವರ ಕೋಣೆಯ ಹಾಗೆ ಕಂಪ್ಯೂಟರ್ ಇದ್ದ ಕೋಣೆಗೂ ನನಗೆ ಪ್ರವೇಶವಿರಲಿಲ್ಲ.

ನಾನು ಸುಮ್ಮನೆ ಕೂರುವವಳಲ್ಲ. ಅಜ್ಜಿ ಅಂಗಳದಲ್ಲಿ ಹಾಕುವ ಚುಕ್ಕಿ ರಂಗೋಲಿಯೇ ಟಿವಿಯಲ್ಲಿ ಮೂಡುವಂತೆ ನೋಟ್‌ಬುಕ್ಕಿನಲ್ಲಿ ಪ್ರೋಗ್ರಾಂ ಬರೆದೆ. ಜಗಲಿಯ ಕಿಟಕಿಯಿಂದ ಒಂದೊಂದೇ ಸಾಲು ಕೂಗಿ ಹೇಳಿದೆ, ಚಿಕ್ಕಪ್ಪ ಒಳಗೆ ಕೀಲಿ ಒತ್ತಿದ. ರಂಗೋಲಿ ಅರ್ಧಕ್ಕೇ ನಿಂತಿತು.

"ತಪ್ಪಿದ್ದು ಎಲ್ಲಿ ಅಂತ ಗೊತ್ತಾಗ್ತಾ ಇಲ್ಲೆ ಕೂಸೇ," ಅಂದ ಚಿಕ್ಕಪ್ಪ.

ನನಗೆ ಗೊತ್ತಿತ್ತು. ಎದ್ದು ಸೀದಾ ಒಳಗೆ ಹೋದೆ.

"ಮುಟ್ಟಡ! ಮೈಲಿಗೆ ಆಗ್ತು!" ಅಂತ ಅಜ್ಜಿ ಅಡುಗೆಮನೆಯಿಂದ ಓಡಿ ಬಂದಳು.

"ಅದ್ರೊಳಗೆ ಇಪ್ಪುದೆಲ್ಲ ಆನೇ ಬರೆದಿದ್ದು ಅಜ್ಜಿ. ಮೈಲಿಗೆ ಯಾವಾಗ್ಲೋ ಆಗೋತು," ಎಂದವಳೇ, ನಾನೇ ಬರೆದ ಆ ಪ್ರೋಗ್ರಾಂನ ತಪ್ಪು ಸಾಲನ್ನು ತಿದ್ದಿದೆ.

ರಂಗೋಲಿ ಪೂರ್ತಿ ಮೂಡಿತು. ಅಜ್ಜಿ ಮುಖ ಗಂಟಿಕ್ಕಿಕೊಂಡೇ ಚುಕ್ಕಿ ಎಣಿಸಿದಳು. ಒಂದೂ ತಪ್ಪಿರಲಿಲ್ಲ. ಆಮೇಲೆ ಶುದ್ಧಿಗೆಂದು ಚೊಂಬಿನ ನೀರು ಚಿಮುಕಿಸಲು ಬಂದಳು. ಚಿಕ್ಕಪ್ಪ ಕೀಲಿಮಣೆಯ ಮೇಲೆ ಬೋರಲು ಬಿದ್ದು ತಡೆದ.

ಈಗ ಸಾಗರದಲ್ಲಿ ನನ್ನದೇ ಕಂಪ್ಯೂಟರ್ ರಿಪೇರಿ ಅಂಗಡಿಯಿದೆ. ತಿಂಗಳ ಮೂವತ್ತೂ ದಿನ ಅದರ ಬಾಗಿಲು ತೆಗೆಯುವವಳು ನಾನೇ.